ತಮ್ಮನಿಗೆ ಒದ್ದ ಚೆಂಡುಗಳು

ಮೊಸರಿನ ಗಡಿಗೆ ನೆಲುವಿನಿಂದ ಜಾರಿದ ಹಿಂದಿನ ದಿನ ಅಪ್ಪನಿಗೆ ಪೇಪರ್ ಓದಿ ಹೇಳಿದ್ದು ನಾನೇ. ಹಾಗೆ ಓದುವ ಕೊನೆಯ ಸಂಜೆ ಅದು ಅಂತ ಗೊತ್ತಿರಲಿಲ್ಲ, ಆದ್ದರಿಂದ ಏನು ಓದಿದೆನೋ ನೆನಪಿಲ್ಲ. ಕೂತ ಜಾಗ ನೆನಪಿದೆ. ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಅಡುಗೆಮನೆಗೂ ನಡುಮನೆಗೂ ಮಧ್ಯೆ ಪೂರ್ತಿ ಗೋಡೆ ಇರಲಿಲ್ಲ, ಮೊಣಕಾಲೆತ್ತರದ ಒಂದು ಕಟ್ಟೆ ಇತ್ತು. ಅಪ್ಪ ಅದಕ್ಕೆ ಬೆನ್ನು ಕೊಟ್ಟು ಉಣ್ಣಲು ಕೂರುತ್ತಿದ್ದ. ನಾನು ಕಟ್ಟೆಯ ಮೇಲೆ, ಅವನ ಭುಜದ ಹತ್ತಿರ. ಅಪ್ಪ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು, ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಸಾರು ಆರಿಹೋಗುತ್ತಿತ್ತು. ಆದ್ದರಿಂದ ಆ ಕೆಲಸ ನನ್ನದಾಗಿತ್ತು. ಅವನು ಸೈಕಲ್ ಅಂಗಡಿ ಮುಚ್ಚಿ ಬರುವ ಹೊತ್ತಿಗೆ ಅಜ್ಜಿಯ ಲಿಂಗಪೂಜೆ ಮುಗಿದಿರುತ್ತಿತ್ತು. ಪೂಜೆ ಮುಗಿಯದೆ ಯಾರೂ ಉಣ್ಣುವಂತಿರಲಿಲ್ಲ. ಮುಗಿದ ಮೇಲೆ ಮೊದಲ ಮುದ್ದೆ, ಬೆಣ್ಣೆ ಹಚ್ಚಿದ್ದು, ಮನೆಯ ಹಿರೇ ಮಗುವಿನ ತಟ್ಟೆಗೆ. ಆ ಹಿರೇ ಮಗು ನಾನು. ನನಗೆ ಹದಿಮೂರು, ತಮ್ಮ ತಿಪ್ಪೇಶಿಗೆ ಹನ್ನೊಂದು.

ಮರುದಿನ ಸಂಜೆ ನಾನಿನ್ನೂ ಪೇಪರ್ ಬಿಚ್ಚಿರಲಿಲ್ಲ. ಬೆಕ್ಕೊಂದು ಅಟ್ಟದಿಂದ ನೆಲುವಿಗೆ ಹಾರಿತು. ಹಗ್ಗ ತೂಗಿತು, ಗಡಿಗೆ ವಾಲಿತು, ಅಮ್ಮ ಕೂಗುವ ಮುಂಚೆಯೇ ಅದು ಕೆಳಗೆ ಬರುತ್ತಿತ್ತು. ತಟ್ಟೆಯ ಮುಂದೆ ಕೂತಿದ್ದ ತಿಪ್ಪೇಶಿ ಮಂಡಿಯೂರಿ ಎದ್ದು, ಎರಡೂ ಕೈಯಲ್ಲಿ ಅದನ್ನು ಹಿಡಿದು ಎದೆಗೆ ಒತ್ತಿಕೊಂಡ. ಅವನ ಮೂಗಿನ ಮೇಲೆ ಒಂದಿಷ್ಟು ಮೊಸರು ಬಿದ್ದಿತ್ತು, ಅಷ್ಟೇ. ನಾವೆಲ್ಲ ನಕ್ಕೆವು. ಅಪ್ಪ ನಗಲಿಲ್ಲ.

"ಲೇ ತಿಪ್ಪೇಶಿ, ಅದು ಈ ಕಡೆಗೇ ಬೀಳ್ತೈತೆ ಅಂತ ನಿಂಗೆ ಹೆಂಗಲೇ ಗೊತ್ತಾತು?"

"ಬೆಕ್ಕು ಹಾರೋಕೆ ಮುಂಚೆ ಈ ಕಡೆ ಕಾಲು ಒತ್ತಿ ನಿಂತಿತ್ತಪ್ಪ."

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದುಬಿಟ್ಟ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ತಪ್ಪು ಇರಲಿಲ್ಲ. ತಟ್ಟೆಗೆ ಬಿದ್ದದ್ದು ಪ್ರಸಾದ. ಒಂದು ಅಗುಳೂ ಬಿಡದೆ ಉಂಡು, ತಟ್ಟೆ ತೊಳೆದ ನೀರನ್ನೂ ಕುಡಿದು ಏಳಬೇಕು. ಜ್ವರ ಬಂದಾಗಲೂ ಅಜ್ಜಿ ನಮ್ಮನ್ನು ಬಿಟ್ಟವಳಲ್ಲ.

"ಏನಪ್ಪಾ, ಪ್ರಸಾದ ಬಿಟ್ಟು ಎದ್ದ್ಯಾ? ಈ ಮನ್ಯಾಗೆ ಇದೊಂದು ನೋಡೋದು ಬಾಕಿ ಇತ್ತು!"

"ಬಂದೆ ತಡಿಯವ್ವಾ," ಅಂದ ಅಪ್ಪ ಗೂಡಿನಲ್ಲಿದ್ದ ನಿಂಬೆಹಣ್ಣುಗಳನ್ನು ಬಾಚಿಕೊಂಡು, ತಿಪ್ಪೇಶಿಯ ರಟ್ಟೆ ಹಿಡಿದು ಹಿತ್ತಲಿಗೆ ಹೋದ. ಕತ್ತಲಾಗುವವರೆಗೂ ಅವನು ಎಸೆಯುತ್ತಿದ್ದ, ಇವನು ಹಿಡಿಯುತ್ತಿದ್ದ. ನಾನು ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತೇ ಇದ್ದೆ. ಅಪ್ಪನ ತಟ್ಟೆಯಲ್ಲಿ ಅರ್ಧ ಮುದ್ದೆ ಒಣಗುತ್ತಿತ್ತು.

ಅಪ್ಪನ ಹಳೆಯ ಕತೆ ನಮಗೆ ಗೊತ್ತಾದದ್ದು ಆ ವಾರ. ಮದುವೆಗೆ ಮುಂಚೆ ಅವನು ದುರ್ಗದ ಹತ್ತಿರದ ಒಂದು ಗಣಿಯಲ್ಲಿ ಕೆಲಸಕ್ಕಿದ್ದ. ಗಣಿಯವರದೊಂದು ಫುಟ್‌ಬಾಲ್ ತಂಡ ಇತ್ತು, ಅಪ್ಪ ಅದರ ಗೋಲಿ. ಗೋಲು ಕಾಯುವವನನ್ನು ನಮ್ಮ ಕಡೆ ಗೋಲಿ ಅನ್ನುತ್ತಾರೆ. ಟ್ರಾಲಿ ಬಡಿದು ಮಂಡಿ ಮುರಿದ ಮೇಲೆ ಆಟವೂ ಹೋಯಿತು, ಕೆಲಸವೂ ಹೋಯಿತು. ಊರಿಗೆ ಬಂದು ಸೈಕಲ್ ಅಂಗಡಿ ಇಟ್ಟ. ಅವನ ಕುಂಟು ಮಾತ್ರ ನಮಗೆ ಗೊತ್ತಿತ್ತು. ಅದರ ಹಿಂದೆ ಒಂದು ಆಟ ಇತ್ತು ಅಂತ ಗೊತ್ತಿರಲಿಲ್ಲ. ಅವನು ನನಗೆ ಅದನ್ನು ಯಾಕೆ ಹೇಳಿರಲಿಲ್ಲ ಅಂತ ನಾನು ಬಹಳ ದಿನ ಯೋಚಿಸಿದೆ. ಇಡೀ ಊರಿನ ಸುದ್ದಿ ಓದಿ ಹೇಳಿದವಳು ನಾನು.

ಹಿತ್ತಲಿನ ಆಚೆ ಒಂದು ಹಳೇ ಗೋದಾಮಿನ ಗೋಡೆ ಇತ್ತು. ಅಪ್ಪ ಅದರ ಮೇಲೆ ಎಂಟು ಹೆಜ್ಜೆ ಅಗಲ ಅಳೆದು, ಸೈಕಲ್ಲಿಗೆ ಬಳಿದು ಉಳಿದ ಹಸಿರು ಬಣ್ಣದಲ್ಲಿ ಗೋಲಿನ ಗೆರೆ ಎಳೆದ. ಒಂದು ಕಂಬ ಬೇವಿನ ಮರದ ಪಕ್ಕ, ಇನ್ನೊಂದು ಬಚ್ಚಲಿನ ಪಕ್ಕ. ಎಣ್ಣೆ ಗಿರಣಿಯಿಂದ ಕಡ್ಲೇಕಾಯಿ ಸಿಪ್ಪೆ ತಂದು ಗೋಣಿಚೀಲಗಳಿಗೆ ತುಂಬಿ, ಗೋಡೆಯ ಬುಡಕ್ಕೆ ಹಾಸಿಗೆಯ ಹಾಗೆ ಹಾಸಿದ, ಮಗ ಬಿದ್ದರೆ ನೋವಾಗಬಾರದು ಅಂತ. ಹನ್ನೆರಡು ಹೆಜ್ಜೆ ದೂರದಲ್ಲಿ ಒಂದು ಚಪ್ಪಟೆ ಕಲ್ಲು ಹೂತ. ಪೆನಾಲ್ಟಿ ಒದೆಯುವವರು ಅಲ್ಲಿ ಚೆಂಡಿಡಬೇಕು. ಅಪ್ಪನಿಗೆ ಒದೆಯಲು ಮಂಡಿ ಇರಲಿಲ್ಲ. ಬೀದಿಯ ಹುಡುಗರು ಒಂದು ದಿನ ಬಂದರೆ ಎರಡು ದಿನ ಬರುತ್ತಿರಲಿಲ್ಲ.

"ರತ್ನಿ, ಬಾ ಇಲ್ಲಿ. ಲಂಗ ಎತ್ತಿ ಸಿಗಿಸ್ಕ. ಒದಿ."

ಅಪ್ಪ ನನ್ನನ್ನು ಕರೆದ ಅಂತ ಎಷ್ಟು ಖುಷಿಯಾಯಿತೆಂದರೆ, ಮೊದಲ ಒದೆತಕ್ಕೆ ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬಂದದ್ದೂ ಗೊತ್ತಾಗಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಗೊಣಗಿದಳು.

"ನಾಳೆ ನಾಡಿದ್ದು ದೊಡ್ಡೋಳಾಗೋ ಹುಡ್ಗಿ. ಹಿಂಗೆ ಕಾಲೆತ್ತಿ ಒದೀತಾ ನಿಂತ್ರೆ ನೋಡಿದೋರು ಏನಂತಾರೆ?"

"ನೋಡೋದು ನಾವೇ ಅಲ್ಲೇನೆ. ಹಿತ್ತಲಾಗೆ ಯಾರು ಬರ್ತಾರೆ?" ಅಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಲಿಲ್ಲ. ಅವನು ನಿಂತದ್ದು ತಿಪ್ಪೇಶಿಯ ಹಿಂದೆ.

ಅಪ್ಪನ ಪಾಠ ಒಂದೇ. ಪೆನಾಲ್ಟಿಯಲ್ಲಿ ಗೋಲಿ ಸೋಲುವುದು ಚೆಂಡಿಗಲ್ಲ, ತನ್ನ ಅವಸರಕ್ಕೆ. ಒದೆಯುವವನು ಓಡಿಬರುವುದನ್ನು ಕಂಡರೆ ಸಾಕು, ಗೋಲಿ ಯಾವುದೋ ಒಂದು ಕಡೆ ಹಾರಿಬಿಡುತ್ತಾನೆ. ಹಾರಬಾರದು. ಒದೆಯುವವನ ಕಣ್ಣು ನೋಡಬಾರದು, ಚೆಂಡನ್ನೂ ನೋಡಬಾರದು. ಒದೆಯುವ ಕಾಲಿನ ಪಕ್ಕ ಊರಿ ನಿಲ್ಲುವ ಇನ್ನೊಂದು ಕಾಲು ಇದೆಯಲ್ಲ, ಅದರ ಬೆರಳು ಯಾವ ಕಡೆಗಿದೆಯೋ ಚೆಂಡು ಆ ಕಡೆಗೇ. ಅದನ್ನು ಕಂಡ ಮೇಲೆ ಹಾರಬೇಕು. ತಿಪ್ಪೇಶಿಗೆ ಕಾಯುವುದು ಬರುತ್ತಿರಲಿಲ್ಲ. ಅದಕ್ಕೆ ಅಪ್ಪ ಒಂದು ಹಳೇ ಸೈಕಲ್ ಟ್ಯೂಬನ್ನು ಅವನ ಸೊಂಟಕ್ಕೆ ಕಟ್ಟಿ, ತುದಿಯನ್ನು ತಾನು ಹಿಂದಿನಿಂದ ಹಿಡಿದು ನಿಲ್ಲುತ್ತಿದ್ದ. ನನ್ನ ಎಡಗಾಲು ಊರಿದಾಗಲೇ ಟ್ಯೂಬ್ ಬಿಡುವುದು. ಮುಂಚೆ ಹಾರಿದರೆ ತಿಪ್ಪೇಶಿ ಎಳೆಸಿಕೊಂಡು ಹಿಂದಕ್ಕೆ, ಅಪ್ಪನ ಎದೆಗೇ ಹೋಗಿ ಬೀಳುತ್ತಿದ್ದ. ಇಬ್ಬರೂ ಸಿಪ್ಪೆಯ ಮೇಲೆ ಉರುಳಿ ನಗುತ್ತಿದ್ದರು. ನಾನು ಹನ್ನೆರಡು ಹೆಜ್ಜೆ ದೂರದಲ್ಲಿ ಲಂಗ ಸಿಗಿಸಿಕೊಂಡು ನಿಂತು, ಅವರು ಎದ್ದು ಚೆಂಡು ಕೊಡಲಿ ಅಂತ ಕಾಯುತ್ತಿದ್ದೆ.

ಕೆಲವು ದಿನ ಚೆಂಡೇ ಇಲ್ಲದೆ ಅಭ್ಯಾಸ. ನಾನು ಓಡಿಬಂದು ಕಾಲೂರಿ ಗಾಳಿಗೆ ಒದೆಯಬೇಕು, ತಿಪ್ಪೇಶಿ ನಿಂತಲ್ಲೇ "ಬೇವು" ಅಥವಾ "ಬಚ್ಚಲು" ಅಂತ ಕೂಗಬೇಕು.

"ಬೇವು!"

"ಸರಿ. ಇನ್ನೊಂದು."

"ಬಚ್ಚಲು! ಅಪ್ಪ, ಅಕ್ಕ ಬಚ್ಚಲ ಕಡೆ ಒದ್ಯೋ ಮುಂಚೆ ತುಟಿ ಕಚ್ಕಂತಾಳೆ."

"ತುಟಿ ನೋಡಬ್ಯಾಡಲೇ, ಕಾಲು ನೋಡು."

ಒಂದು ತಿಂಗಳಲ್ಲಿ ನನ್ನ ಮೈಯಲ್ಲಿ ಅವರಿಗೆ ಗೊತ್ತಿಲ್ಲದ್ದು ಯಾವುದೂ ಉಳಿಯಲಿಲ್ಲ. ನನ್ನ ಪಾದ ಯಾವಾಗ ತಿರುಗುತ್ತದೆ, ಸೊಂಟ ಯಾವಾಗ ಬಾಗುತ್ತದೆ, ಉಸಿರು ಯಾವಾಗ ಎಳೆದುಕೊಳ್ಳುತ್ತೇನೆ, ಎಲ್ಲ. ಆಮೇಲೆ ನನ್ನ ಗಂಡನಾಗಲಿ ಮಕ್ಕಳಾಗಲಿ ನನ್ನನ್ನು ಅಷ್ಟು ಗಮನವಿಟ್ಟು ನೋಡಿದ್ದಿಲ್ಲ. ಆದರೂ ಹತ್ತು ಒದ್ದರೆ ಏಳು ಹಿಡಿದ ಅಂತ ಅಪ್ಪ ಬೀದಿಯಲ್ಲಿ ಹೇಳುವಾಗ, ಒದ್ದವರು ಯಾರು ಅಂತ ಯಾರೂ ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ. ಮನೆಯೊಳಗೂ ಒಂದೊಂದೇ ಬದಲಾಯಿತು. ಬೆಣ್ಣೆ ಹಚ್ಚಿದ ಮೊದಲ ಮುದ್ದೆ ತಿಪ್ಪೇಶಿಯ ತಟ್ಟೆಗೆ ಹೋಯಿತು. ಅವನು ಬಿದ್ದು ಎದ್ದು ಬಂದಿರ್ತಾನೆ ಅಂದಳು ಅಜ್ಜಿ, ಹಿರೇ ಮಗುವಿನ ಪದ್ಧತಿ ಮಾಡಿದವಳೇ. ಅಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂದಲಿಂದ ಸಿಪ್ಪೆ ಆರಿಸುತ್ತಿದ್ದಳು. ನನ್ನ ಜಡೆ ನಾನೇ ಹಾಕಿಕೊಂಡೆ. ಅವನಿಗೆ ಹೊಸ ಕ್ಯಾನ್ವಾಸ್ ಶೂ ಬಂತು, ನನಗೆ ಬರಿಗಾಲು. ಒಂದು ಸಂಜೆ ಪೇಪರ್ ಹುಡುಕಿದರೆ ಅದು ಆ ಶೂಗಳೊಳಗೆ ಇತ್ತು. ಒದ್ದೆ ಹೀರಲಿ ಅಂತ ಅಪ್ಪನೇ ಹರಿದು ತುರುಕಿದ್ದ. ನಾನಿನ್ನೂ ಅದನ್ನು ಓದಿರಲಿಲ್ಲ. ಯಾರಿಗೂ ಕಾಣದ ಹಾಗೆ ಅದನ್ನು ಹೊರಗೆಳೆದು ಒಲೆಗೆ ಹಾಕಿದೆ. ಮರುದಿನ ಒದ್ದೆ ಶೂ ಹಾಕಿಕೊಂಡು ತಿಪ್ಪೇಶಿ ಶೀತ ಹಿಡಿದು ಮಲಗಿದ. ಆಗಲೂ ಅಪ್ಪ ಅವನ ಹಾಸಿಗೆಯ ಪಕ್ಕದಲ್ಲೇ ಕೂತಿದ್ದ.

ದುರ್ಗದ ಕ್ರೀಡಾ ಹಾಸ್ಟೆಲ್ಲಿಗೆ ಹುಡುಗರ ಆಯ್ಕೆ ಇದೆ ಅನ್ನುವ ಸುದ್ದಿ ಬಂದಾಗ ಇನ್ನು ಮೂರು ವಾರ ಇತ್ತು. ಅಲ್ಲಿ ಗೋಲಿಗಳಿಗೆ ಪೆನಾಲ್ಟಿ ಒದ್ದು ನೋಡುತ್ತಾರೆ, ಹಿಡಿದವನನ್ನು ತೆಗೆದುಕೊಳ್ಳುತ್ತಾರೆ. ಅಪ್ಪ ಮಧ್ಯಾಹ್ನವೇ ಅಂಗಡಿ ಮುಚ್ಚತೊಡಗಿದ. ನಾನು ಮಾಡಿದ್ದನ್ನು ಈಗ ಬರೆಯುತ್ತೇನೆ. ಇದುವರೆಗೆ ಯಾರಿಗೂ ಹೇಳಿಲ್ಲ.

ಬೆಳಿಗ್ಗೆ ನೀರು ತರಲು ಹೋಗುವ ದಾರಿಯಲ್ಲಿ, ಬಿಂದಿಗೆ ಕೆಳಗಿಟ್ಟು, ಒಂದು ಬೆಣಚುಕಲ್ಲು ಇಟ್ಟುಕೊಂಡು ಕಲಿತೆ. ಎಡಗಾಲನ್ನು ಬೇವಿನ ಕಡೆ ತೋರಿಸಿ ಊರುವುದು, ಕೊನೇ ಗಳಿಗೆಯಲ್ಲಿ ಸೊಂಟ ತಿರುಗಿಸಿ ಬಲಗಾಲಿನ ಒಳಪಾದದಿಂದ ಬಚ್ಚಲಿನ ಕಡೆ ತಳ್ಳುವುದು. ನಾಲ್ಕು ದಿನದಲ್ಲಿ ಬಂತು. ಹಿತ್ತಲಿನಲ್ಲಿ ಮೊದಲ ಸಲ ಒದ್ದಾಗ ತಿಪ್ಪೇಶಿ ಬೇವಿನ ಬುಡಕ್ಕೆ ಹಾರಿ ಬಿದ್ದ. ಚೆಂಡು ಆರಾಮವಾಗಿ ಬಚ್ಚಲಿನ ಪಕ್ಕ ಗೋಡೆಗೆ ತಾಗಿ ನಿಂತಿತು. ಎರಡನೆಯದೂ ಹಾಗೆಯೇ. ನಡುನಡುವೆ ನಿಜವಾದ ಕಾಲೂ ಇಡುತ್ತಿದ್ದೆ, ಅನುಮಾನ ಬರಬಾರದು ಅಂತ. ಹತ್ತಕ್ಕೆ ಏಳು ಹಿಡಿಯುತ್ತಿದ್ದವನು ಎರಡು ಹಿಡಿಯತೊಡಗಿದ.

"ಕಣ್ಣು ಎಲ್ಲಿಟ್ಟಿದೀಯಲೇ? ಕಾಲು ನೋಡು ಅಂತ ಎಷ್ಟು ಸಾರಿ ಬಡ್ಕಳ್ಳಲಿ?"

"ನೋಡ್ತಾ ಇದೀನಪ್ಪ. ಕಾಲು ಬೇವಿನ ಕಡೆಗೇ ಇತ್ತು."

"ಸುಳ್ಳು ಬೊಗಳಬ್ಯಾಡ. ಕಾಲು ಆ ಕಡೆ ಇದ್ರೆ ಚೆಂಡು ಈ ಕಡೆ ಹೆಂಗೆ ಬಂತು? ಅದಕ್ಕೇನು ರೆಕ್ಕೆ ಅವೆಯಾ?"

ಅಪ್ಪ ತಿಪ್ಪೇಶಿಯ ಹಿಂದೆ, ಅವನ ಬೆನ್ನನ್ನೇ ನೋಡುತ್ತ ನಿಂತಿರುತ್ತಿದ್ದ. ನನ್ನ ಕಾಲು ಊರಿದ್ದಷ್ಟೇ ಅವನಿಗೆ ಬೇಕಿತ್ತು, ಅದರ ಬೆರಳು ಯಾವ ಕಡೆಗಿದೆ ಅಂತ ನೋಡುವುದು ಮಗನ ಕೆಲಸ. ಹಾಗಾಗಿ ಅವನಿಗೆ ಏನೂ ಕಾಣಲಿಲ್ಲ. ತಿಪ್ಪೇಶಿಗೆ ಮೂರನೇ ದಿನ ಒಂದು ಏಟು ಬಿತ್ತು. ಅಪ್ಪ ಅವನಿಗೆ ಕೈ ಮಾಡಿದ್ದು ನಾನು ಅದೇ ಮೊದಲು ನೋಡಿದ್ದು. ಅವನು ಗೋಣಿಚೀಲಗಳ ಮೇಲೆ ಮುಖ ಕೆಳಗೆ ಮಾಡಿ ಮಲಗಿ ಅತ್ತ. ನಾನು ಒಳಗೆ ಹೋಗಿ ಊಟಕ್ಕೆ ಕೂತೆ. ಹುರುಳಿ ಸಾರು ಅಷ್ಟು ರುಚಿಯಾಗಿ ಎಂದೂ ಇರಲಿಲ್ಲ. ಅಜ್ಜಿ ನನ್ನ ತಟ್ಟೆಗೆ ಬೆಣ್ಣೆ ಹಾಕುತ್ತ ಮುಖ ನೋಡಿದಳು.

"ಏನವ್ವಾ, ಇವತ್ತು ಭಾಳ ಹಸಿವು?"

"ಹೂಂ ಅಜ್ಜಿ."

"ತಮ್ಮನ್ನ ಕರೀಬೇಕು ಅಂತ ಅನ್ನಿಸ್ಲಿಲ್ಲೇನು?"

ನಾನು ಕರೆಯಲಿಲ್ಲ.

ಎರಡನೇ ವಾರದ ಕೊನೆಗೆ ಅದು ಆಯಿತು. ನಾನು ಓಡಿಬಂದು ಸುಳ್ಳು ಕಾಲೂರಿದೆ. ಅಪ್ಪ ಟ್ಯೂಬ್ ಬಿಟ್ಟ. ತಿಪ್ಪೇಶಿ ಹಾರಲಿಲ್ಲ. ಅರ್ಧ ಉಸಿರಿನಷ್ಟು ಹೊತ್ತು ನಿಂತೇ ಇದ್ದ. ನನ್ನ ಸೊಂಟ ತಿರುಗಿತು, ಚೆಂಡು ಬಚ್ಚಲಿನ ಕಡೆ ಹೊರಟಿತು, ಆಗ ಅವನು ಹೋದ, ಎರಡೂ ಕೈಯಲ್ಲಿ ತಳ್ಳಿಹಾಕಿದ. ನನಗೆ ಆಮೇಲೆ ಅರ್ಥವಾಯಿತು. ಕಾಲು ಒಂದು ಕಡೆ, ಚೆಂಡು ಒಂದು ಕಡೆ ಆದಾಗ ಒದೆತಕ್ಕೆ ಬಲ ಇರುವುದಿಲ್ಲ. ಕಾಯುವ ಧೈರ್ಯ ಇದ್ದವನಿಗೆ ಸಮಯ ಸಿಗುತ್ತದೆ. ನಾನು ಮತ್ತೆ ಒದ್ದೆ. ಮತ್ತೆ ಹಿಡಿದ. ನಿಜವಾದ ಕಾಲಿಟ್ಟು ಜೋರಾಗಿ ಒದ್ದೆ. ಅದನ್ನೂ ಹಿಡಿದ, ಯಾಕೆಂದರೆ ಈಗ ಅವನು ಕಾಲನ್ನಷ್ಟೇ ಅಲ್ಲ, ಸೊಂಟವನ್ನೂ ಓದುತ್ತಿದ್ದ. ಆ ಸಂಜೆ ಹತ್ತಕ್ಕೆ ಎಂಟು. ಅಪ್ಪ ಅವನನ್ನು ಎತ್ತಿ, ಮುರಿದ ಮಂಡಿಯ ಮೇಲೇ ಒಂದು ಸುತ್ತು ತಿರುಗಿದ.

"ಬಂತು ನೋಡು! ಈಗ ಬಂತು ನೋಡು ಮಗನೇ!"

ನನ್ನ ಹೊಟ್ಟೆಕಿಚ್ಚು ಅವನಿಗೆ ಕೆಡುಕು ಮಾಡುವುದರಲ್ಲಿಯೂ ಸೋತಿತ್ತು. ಅವನನ್ನು ಕೆಡಿಸಲು ಕಲಿತ ವಿದ್ಯೆ ಅವನನ್ನೇ ಬೆಳೆಸಿತ್ತು. ನಾನು ಕಲ್ಲಿನ ಹತ್ತಿರ ನಿಂತು, ಇವನಿಗೆ ನಾನು ಒದೆಯದೇ ಇದ್ದಿದ್ದರೆ ಅಂತ ಯೋಚಿಸಿದೆ. ಅಷ್ಟು ಸುಲಭದ ದಾರಿ ನನಗೆ ಹೊಳೆದೇ ಇರಲಿಲ್ಲ.

ಆಯ್ಕೆಯ ದಿನ ಅಪ್ಪ, ತಿಪ್ಪೇಶಿ, ರೊಟ್ಟಿ ಗಂಟು ಹಿಡಿದುಕೊಂಡು ನಾನು, ಮೂವರೂ ದುರ್ಗಕ್ಕೆ ಹೋದೆವು. ಬಿಸಿಲಿಗೆ ಕೋಟೆ ಬಂಡೆಗಳು ಕಾದಿದ್ದವು. ತಿಪ್ಪೇಶಿಗೆ ಮೂರು ಪೆನಾಲ್ಟಿ ಒದ್ದರು. ಮೊದಲನೆಯದು ಅವನ ತಲೆಯ ಮೇಲೆ ಹೋಯಿತು. ಎರಡನೆಯದನ್ನು ಹಿಡಿದ. ಮೂರನೆಯದಕ್ಕೆ ಹಿರಿಯೂರಿನ ಕಡೆಯ ಒಬ್ಬ ಉದ್ದನೆಯ ಹುಡುಗ ಬಂದ. ಅವನು ಓಡಿಬಂದು ಕಾಲೂರಿದ. ಅದು ನನ್ನ ಕಾಲು. ಒಂದು ಕಡೆ ತೋರಿಸಿ ಇನ್ನೊಂದು ಕಡೆ ತಳ್ಳುವ ಅದೇ ಕಾಲು. ತಿಪ್ಪೇಶಿಗಿಂತ ಮುಂಚೆ ನಿಂತ ಇಬ್ಬರು ಗೋಲಿಗಳು ಅದಕ್ಕೇ ಮೋಸಹೋಗಿದ್ದರು. ತಿಪ್ಪೇಶಿ ನಿಂತ. ಅರ್ಧ ಉಸಿರು. ಆಮೇಲೆ ಹೋಗಿ ಎದೆಗೆ ಅಪ್ಪಿಕೊಂಡ.

ಬಸ್ಸಿನಲ್ಲಿ ಅಪ್ಪ ಪಕ್ಕದವರಿಗೆಲ್ಲ ಹೇಳಿದ. ಕಂಡಕ್ಟರ್ ಟಿಕೆಟ್ ಕೊಡುವುದು ಬಿಟ್ಟು ಕೇಳುತ್ತ ನಿಂತ.

"ನಿಂತ ಕಾಲು ನಂಬಬ್ಯಾಡ ಅಂತ ಮೊದ್ಲಿಂದ ಬಡ್ಕಂತಿದ್ದೆ ಕಣ್ರಿ. ಸೊಂಟ ನೋಡು, ಕಾಯಿ ಅಂತ. ಇವತ್ತು ಕೈಗೆ ಬಂತು."

"ಒಳ್ಳೇ ಗುರು ಬಿಡ್ರಿ ನೀವು," ಅಂದ ಕಂಡಕ್ಟರ್.

ಅಪ್ಪ ಒಂದು ದಿನವೂ ಹಾಗೆ ಹೇಳಿರಲಿಲ್ಲ. ನಂಬು ಅಂತಲೇ ಹೇಳಿದ್ದ, ಅದಕ್ಕೇ ಹೊಡೆದೂ ಇದ್ದ. ಅವನು ಬೇಕೆಂದು ಸುಳ್ಳು ಹೇಳುತ್ತಿರಲಿಲ್ಲ, ಖುಷಿಯಲ್ಲಿ ಅದು ಅವನಿಗೆ ಹಾಗೆಯೇ ನೆನಪಾಗಿತ್ತು. ಅದನ್ನು ಕಲಿಸಿದ್ದು ನಾನು ಅನ್ನಲು ಬಾಯಿ ತೆರೆದೆ. ಅನ್ನಬೇಕಾದರೆ ಯಾಕೆ ಕಲಿಸಿದೆ ಅನ್ನುವುದನ್ನೂ ಹೇಳಬೇಕಿತ್ತು. ತಿಪ್ಪೇಶಿ ಅಪ್ಪನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದ. ನಾನು ರೊಟ್ಟಿ ಗಂಟನ್ನು ತೊಡೆಯ ಮೇಲೆ ಊರು ಬರುವವರೆಗೂ ಬಿಗಿಯಾಗಿ ಹಿಡಿದುಕೊಂಡಿದ್ದೆ.

ಅವನು ಹಾಸ್ಟೆಲ್ಲಿಗೆ ಹೋದ ಮೇಲೆ ಕಟ್ಟೆಯ ಜಾಗ ನನಗೆ ವಾಪಸ್ಸು ಸಿಗುತ್ತದೆ ಅಂದುಕೊಂಡಿದ್ದೆ. ಸಿಕ್ಕಿತು ಕೂಡ. ಅಪ್ಪ ಮತ್ತೆ ನನ್ನಿಂದ ಓದಿಸಿದ. ಆದರೆ ಓದಿಸಿದ್ದು ಪೇಪರ್ ಅಲ್ಲ, ತಿಪ್ಪೇಶಿಯ ಕಾಗದಗಳನ್ನು. ಹಾಸ್ಟೆಲ್ ಊಟ, ಬೆಳಗಿನ ಓಟ, ಹಿಡಿದ ಚೆಂಡುಗಳು. "ಇನ್ನೊಂದ್ಸಾರಿ ಓದವ್ವ," ಅನ್ನುತ್ತಿದ್ದ. ಪ್ರತಿ ಕಾಗದದ ಕೊನೆಗೂ "ಅಕ್ಕ ಹೇಗಿದ್ದಾಳೆ" ಅಂತ ಒಂದು ಸಾಲು ಇರುತ್ತಿತ್ತು. ಆ ಸಾಲನ್ನು ನಾನು ಓದದೆ ಕಾಗದ ಮಡಚುತ್ತಿದ್ದೆ.

ತಿಪ್ಪೇಶಿ ದೊಡ್ಡ ಆಟಗಾರನೇನೂ ಆಗಲಿಲ್ಲ. ಹೊಸದುರ್ಗದಲ್ಲಿ ಆಟದ ಮೇಷ್ಟ್ರಾದ, ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಗೋಲು ಕಾಯುವುದನ್ನು ಹೇಳಿಕೊಟ್ಟ. ನಾನು ಮದುವೆಯಾಗಿ ಹಿರಿಯೂರಿಗೆ ಬಂದೆ. ಅವನು ತೀರುವ ಮೂರು ತಿಂಗಳ ಮುಂಚೆ ಒಂದು ಸಂಜೆ ನಾನು ಅವನ ಮೈದಾನಕ್ಕೆ ಹೋಗಿದ್ದೆ. ಬಾಗೂರಿನಿಂದ ಬರುವ ಒಬ್ಬ ಹುಡುಗಿ, ಹದಿಮೂರು ವರ್ಷ ಇರಬಹುದು, ಗೋಲಿನಲ್ಲಿ ನಿಂತಿದ್ದಳು. ಕೈಗೆ ಗ್ಲೌಸು, ಕಾಲಿಗೆ ಒಳ್ಳೆಯ ಶೂ. ಅವಳಪ್ಪ ಗೆರೆಯಾಚೆ ನಿಂತು ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಿದ್ದ. ನನಗೆ ಅವಳ ಮೇಲೆ ಬಂದ ಸಿಟ್ಟು ಎಂಥದೆಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ತಿಪ್ಪೇಶಿ ನನ್ನನ್ನು ಕಂಡು ಕೈಬೀಸಿದ.

"ಅಕ್ಕಾ, ಬಾರೆ ಇಲ್ಲಿ! ಒಂದೇ ಒಂದು ಒದಿ. ಈ ಹುಡ್ಗಿಗೆ ನಿನ್ನ ಕಾಲು ತೋರಿಸ್ಬೇಕು."

"ಹೋಗೋ. ಮಂಡಿ ನೋವು ಐತೆ."

"ಸೀರೆ ಸಿಗಿಸ್ಕಂಡು ಒದಿಯಕ್ಕ, ಯಾರೂ ನೋಡಲ್ಲ." ಅವನು ನಗುತ್ತಿದ್ದ.

ಮಂಡಿ ನೋವಿರಲಿಲ್ಲ. ಆ ಹುಡುಗಿಗೆ ನನ್ನಿಂದ ಏನೂ ಸಿಗಬಾರದು ಅನ್ನಿಸಿತ್ತು. ನಾನು ಬೆಂಚಿನ ಮೇಲಿಂದ ಏಳಲಿಲ್ಲ.

ಕಳೆದ ವರ್ಷ ಒಂದು ಸಂಜೆ ಅವನು ಮೈದಾನದಿಂದ ಮನೆಗೆ ಬಂದು, ಹೆಂಡತಿಯನ್ನು ನೀರು ಕೇಳಿ ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ. ಶಿವಗಣಾರಾಧನೆಯ ದಿನ ಅವನ ಶಿಷ್ಯರು ಸಾಲಾಗಿ ಬಂದರು. ಒಬ್ಬೊಬ್ಬರ ಹತ್ತಿರವೂ ಅವನದೊಂದು ಕತೆ ಇತ್ತು. ಅಳುವುದರಲ್ಲಿಯೂ ಅವರು ನನ್ನ ಪಾಲನ್ನು ತೆಗೆದುಕೊಳ್ಳುತ್ತಿದ್ದಾರೆ ಅನ್ನಿಸಿತು. ಆ ಹುಡುಗಿಯೂ ಬಂದಿದ್ದಳು. ಪಂಕ್ತಿಯಲ್ಲಿ ನನ್ನ ಪಕ್ಕವೇ ಕೂತಳು.

"ನಿಂತ ಕಾಲು ನಂಬಬೇಡ, ಕಾಯಿ ಅಂತ ಸರ್ ದಿನಾ ಹೇಳೋರು ಆಂಟಿ. ಅವರಿಗೆ ಅವರಪ್ಪ ಹೇಳಿಕೊಟ್ಟಿದ್ದಂತೆ ಅಲ್ವಾ?"

"ಹಂಗಂತ ನಿಮ್ಮ ಸರ್ ಹೇಳಿದ್ರಾ?"

ಅವಳು ಯೋಚಿಸಿದಳು. "ಸರ್ ಮನೇಲಿ ಕಲಿತಿದ್ದು ಅಂತಿದ್ರು. ಅಪ್ಪನೇ ಇರ್ಬೇಕು ಅಂತ ನಾವೇ ಅಂದ್ಕಂಡ್ವಿ."

ನಾನು ಹೂಂ ಅಂದೆ. ತಟ್ಟೆಯಲ್ಲಿದ್ದದ್ದನ್ನು ಬಿಡದೆ ಉಂಡೆ. ಅಪ್ಪ ಇಲ್ಲ, ಅಜ್ಜಿ ಇಲ್ಲ, ಅಮ್ಮನಿಗೆ ಈಗ ಯಾರ ಗುರುತೂ ಸಿಗುವುದಿಲ್ಲ. ಆ ಹಿತ್ತಲಿನಲ್ಲಿ ನನ್ನ ಎದುರು ನಿಂತಿದ್ದವನು ತಿಪ್ಪೇಶಿಯೊಬ್ಬನೇ. ಆಯ್ಕೆಗೆ ಮುಂಚೆ ನಾನು ಬೇಕೆಂದೇ ಅವನಿಗೆ ಮೋಸ ಮಾಡಿದ್ದು ಅವನಿಗೆ ಗೊತ್ತಿತ್ತೇ, ಆ ಸಂಜೆ ಮೈದಾನದಲ್ಲಿ ಆ ಹುಡುಗಿಗೆ ತೋರಿಸಬೇಕೆಂದಿದ್ದು ಅದನ್ನೇ ಏನು ಅಂತ ನಾನು ಅವನನ್ನು ಕೇಳಲಿಲ್ಲ.